ಗುರುವಾರದ ಹುಡುಗಿಯರು

ಕೊಡ್ಲಿಪೇಟೆಯಲ್ಲಿ ನಮ್ಮ ಪಕ್ಕದ ಮನೆ ವಿಶಾಲಾಕ್ಷಮ್ಮನವರದು. ಬಾಗಿಲು ಎಷ್ಟು ಗಿಡ್ಡ ಎಂದರೆ, ಹೊಸಬರು ಯಾರೇ ಬರಲಿ, ಹಣೆ ಚಚ್ಚಿಕೊಳ್ಳದೆ ಒಳಗೆ ಹೋದದ್ದನ್ನು ನಾನು ಕಂಡಿಲ್ಲ. ಗಂಡ ಹೆಂಡತಿ ಇಬ್ಬರೂ ಕುಳ್ಳರು, ತಮ್ಮ ಅಳತೆಗೆ ಇಡಿಸಿಕೊಂಡಿದ್ದಾರೆ ಎಂದು ನಾನು ಛೇಡಿಸುವುದುಂಟು. ಗಂಡ ಚನ್ನಮಲ್ಲಪ್ಪನವರು ಮೆಣಸು, ಏಲಕ್ಕಿ ವ್ಯಾಪಾರಿ. ಬೆಳಿಗ್ಗೆ ವಿಭೂತಿ ಧರಿಸಿ, ಪೂಜೆ ಮುಗಿಸಿ ಅಂಗಡಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಬಂದರೂ ಮಾತು ಕಡಿಮೆ. ಮಕ್ಕಳಾಗಲಿಲ್ಲ. ಅದರ ಬಗ್ಗೆ ವಿಶಾಲಾಕ್ಷಮ್ಮ ಯಾರ ಮುಂದೆಯೂ ಗೋಳಾಡಿದವರಲ್ಲ. ಗೋಳು ಕೇಳಲೆಂದೇ ಬಂದವರಿಗೆ ರೊಟ್ಟಿ ಹಾಕಿ ಕಳಿಸುತ್ತಿದ್ದರು.

ಅವರಿಗೆ ಸಕ್ಕರೆ ಕಾಯಿಲೆ. ಒಮ್ಮೆ ತೋಟದಲ್ಲಿ ಕಡಿದ ಕಾಫಿ ಗಿಡದ ಕೂಳೆ ಕಾಲಿಗೆ ಚುಚ್ಚಿ ಆದ ಗಾಯ ಮಾಯಲೇ ಇಲ್ಲ. ಆಗ ನರ್ಸಿಂಗ್ ಕಾಲೇಜಿನ ಹುಡುಗಿಯರು ಮನೆ ಭೇಟಿಗೆ ಬರತೊಡಗಿದರು. ಪ್ರತಿ ಗುರುವಾರ ಕಾಲೇಜು ಬಸ್ಸಿನಿಂದ ನಾಲ್ಕೈದು ಜನ ಇಳಿದು, ಹಣೆ ಚಚ್ಚಿಕೊಂಡು ಒಳಗೆ ಹೋಗಿ, ಗಾಯ ತೊಳೆದು ಪಟ್ಟಿ ಕಟ್ಟಿ, ಬಿಪಿ ನೋಡುತ್ತಿದ್ದರು. ವಿಶಾಲಾಕ್ಷಮ್ಮನ ಕೆಲಸ ಅವರ ಹೆಸರು, ಊರು, ಯಾರಿಗೆ ಹಾಸ್ಟೆಲ್ ಊಟ ಸೇರುವುದಿಲ್ಲ, ಯಾರಿಗೆ ಮನೆಯಲ್ಲಿ ಗಂಡು ನೋಡುತ್ತಿದ್ದಾರೆ ಎಂಬುದನ್ನೆಲ್ಲ ತಿಳಿದುಕೊಳ್ಳುವುದು. ಹಳಬರು ಪಾಸಾಗಿ ಹೋಗುತ್ತಿದ್ದರು, ಹೊಸಬರು ಬರುತ್ತಿದ್ದರು. "ಅಮ್ಮಾ" ಎಂದು ಕರೆಯುವುದು ಮಾತ್ರ ನಿಂತಿರಲಿಲ್ಲ. ಆ ಒಂದು ಕರೆ ಕೇಳಲು ಅವರು ಬುಧವಾರವೇ ರೊಟ್ಟಿಗೆಂದು ಅಕ್ಕಿ ಹಿಟ್ಟು ಮಾಡಿಸಿಡುತ್ತಿದ್ದರು.

"ಗಾಯ ಮಾಯ್ದ್‌ಬಿಟ್ರೆ ಬರಾದು ನಿಲ್ಲಿಸ್ಬುಡ್ತಾರೇನೋ ಸುಲೋಚನಾ" ಎಂದು ಒಮ್ಮೆ ನನ್ನ ಹತ್ತಿರ ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ಕಾಲು ಕೊಳೆತರೂ ಸರಿ, ಹುಡುಗಿಯರು ಬರಲಿ ಎನ್ನುತ್ತೀರಲ್ಲ, ನಿಮಗೇನು ತಲೆ ಕೆಟ್ಟಿದೆಯೇ ಎಂದು ರೇಗಿದೆ. ಅವರು ನಕ್ಕರು. ಗಾಯ ಮಾಯುತ್ತ ಬಂದರೂ ಹುಡುಗಿಯರು ಬರುತ್ತಲೇ ಇದ್ದರು.

ಒಂದು ಸಲ ಹುಡುಗಿಯರ ಟೀಚರ್ ವಿನುತಾ ಮೇಡಂ ಕಂಪನಿಯೊಂದರ ಜನರನ್ನು ಕರೆತಂದರು. ಸುತ್ತಲೂ ನೋಡುವ ಕ್ಯಾಮೆರಾವನ್ನು ನಡುಮನೆಯಲ್ಲಿ ಇಟ್ಟರು. "ಇದರಲ್ಲಿ ತೆಗೆದದ್ದನ್ನ ಹೆಡ್‌ಸೆಟ್‌ಗೆ ಹಾಕ್ತೀವಿ ಅಮ್ಮ. ಹುಡುಗಿಯರು ಅದನ್ನ ಕಣ್ಣಿಗೆ ಕಟ್ಟಿಕೊಂಡರೆ ನಿಮ್ಮ ಮನೆಯೊಳಗೇ ನಿಂತ ಹಾಗಿರುತ್ತೆ" ಎಂದರು ಮೇಡಂ. ವಿಶಾಲಾಕ್ಷಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟು ಬಂದರು. ಮೇಡಂ ಕೈಮುಗಿದು ದಿನದ ಸೀರೆಯನ್ನೇ ಉಡಿಸಿದರು. ಗಾಯ ಆಗಲೇ ಒಣಗಿತ್ತು, ಅದಕ್ಕೆ ಬಣ್ಣ ಹಚ್ಚಿ ಹಸಿಯಾಗಿ ಕಾಣುವಂತೆ ಮಾಡಿದರು. ಮೇಡಂ ಹೇಳಿಕೊಟ್ಟದ್ದನ್ನೂ ವಿಶಾಲಾಕ್ಷಮ್ಮ ಹೇಳಿದರು, ಹೇಳಿಕೊಡದ್ದನ್ನೂ ಹೇಳಿದರು. ಅಷ್ಟು ಖುಷಿಯಲ್ಲಿ ನಾನು ಅವರನ್ನು ನೋಡಿರಲಿಲ್ಲ.

ಆಮೇಲೆ ಬಸ್ಸು ಬರುವುದು ನಿಂತಿತು.

ಮಳೆ ಇರಬೇಕು ಅಂದುಕೊಂಡರು ವಿಶಾಲಾಕ್ಷಮ್ಮ. ದಾರಿಯಲ್ಲಿ ಆನೆ ಇರಬೇಕು ಅಂದುಕೊಂಡರು. ಪರೀಕ್ಷೆ ಇರಬೇಕು. ಪ್ರತಿ ಗುರುವಾರದ ರೊಟ್ಟಿಯೂ ನಮ್ಮ ಮನೆಗೆ ಬಂತು. ಕೊನೆಗೆ ನಾನೇ ಮೇಡಂಗೆ ಫೋನ್ ಮಾಡಿದೆ. ಈಗ ಮನೆ ಭೇಟಿಯ ತರಬೇತಿಯೆಲ್ಲ ಹೆಡ್‌ಸೆಟ್‌ನಲ್ಲೇ ಆಗುತ್ತಿದೆ, ಅಮ್ಮನಿಂದ ತುಂಬಾ ಉಪಕಾರವಾಯಿತು ಎಂದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಮಳೆಗಾಲದಲ್ಲಿ ಆ ರಸ್ತೆಯಲ್ಲಿ ಮಕ್ಕಳನ್ನು ಕರೆತರುವುದು ಹುಡುಗಾಟವೇ? ತಪ್ಪು ಮಾಡಿದರೆ ಯಾರ ಕಾಲಿಗೂ ನೋವಾಗದ ಹಾಗೆ ಕಲಿಯುವುದು ಒಳ್ಳೆಯದೇ. ಆದರೂ, ಮನೆಯನ್ನು ಅಷ್ಟು ಚೆನ್ನಾಗಿ ತೋರಿಸಿಕೊಟ್ಟದ್ದಕ್ಕೇ ಆ ಮನೆಗೆ ಯಾರೂ ಬರದ ಹಾಗಾಯಿತಲ್ಲ.

ವಿಷಯವನ್ನು ವಿಶಾಲಾಕ್ಷಮ್ಮನಿಗೆ ತಿಳಿಸಿದೆ. "ಅವ್ರು ಬರ್ದಿದ್ರೆ ಬ್ಯಾಡ. ನಾವೇ ಒಂದ್ಸಲ ಹೋಗಿ ನೋಡ್ಕಂಡು ಬರಾಣ" ಅಂದರು. ನಮ್ಮೂರಿನ ಶಿವಪ್ರಕಾಶನ ಆಟೋದಲ್ಲಿ ಇಬ್ಬರೂ ಹೊರಟೆವು.

ಕಾಲೇಜಿನ ಲ್ಯಾಬಿನಲ್ಲಿ ಸಾಲಾಗಿ ಹುಡುಗಿಯರು ಕುಳಿತಿದ್ದರು. ನಡುವೆ ಒಬ್ಬಳು ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ನಿಂತಿದ್ದಳು. ಅವಳಿಗೆ ಕಂಡದ್ದು ಗೋಡೆಯ ಟಿವಿಯಲ್ಲೂ ಕಾಣುತ್ತಿತ್ತು. ಆ ಹುಡುಗಿ ಚಪ್ಪಲಿ ಬಿಟ್ಟಳು. ಎರಡು ಹೆಜ್ಜೆ ಇಟ್ಟು, ಖಾಲಿ ಜಾಗದಲ್ಲಿ ತಲೆ ಬಗ್ಗಿಸಿದಳು.

"ಅಯ್ಯೋ, ನಮ್ಮನೆ ಬಾಗ್ಲು!" ಎಂದು ವಿಶಾಲಾಕ್ಷಮ್ಮ ನನ್ನ ಕೈ ಹಿಡಿದುಕೊಂಡರು.

ಟಿವಿಯಲ್ಲಿ ಅವರೇ ನಗುತ್ತ ಬಂದರು. "ಬನ್ರವ್ವ, ಬನ್ರಿ, ಕೂತ್ಕಳಿ." ಹುಡುಗಿ ನೋವಿದೆಯಾ ಎಂದು ಕೇಳಿದಳು, ಗಾಯ ನೋಡಿದಳು, ಪಟ್ಟಿ ಕಟ್ಟಿದಳು. ಎಲ್ಲ ಗಾಳಿಯಲ್ಲೇ, ಆದರೆ ಬಹಳ ನಯವಾಗಿ. ನನ್ನ ಪಕ್ಕದಲ್ಲಿ ನಿಂತವರ ಕಾಲು ತಾನಾಗಿ ಸ್ವಲ್ಪ ಮುಂದೆ ಬಂದಿತ್ತು. ಕೊನೆಗೆ ಟಿವಿಯ ವಿಶಾಲಾಕ್ಷಮ್ಮ ಕೇಳಿದರು, "ಮುಂದಿನ ಗುರುವಾರ ಬತ್ತೀರಲ್ವಾ?" ಇದು ಯಾರೂ ಹೇಳಿಕೊಡದ ಮಾತು. ಅದರ ಕೆಳಗೆ ಮೂರು ಉತ್ತರ ಮೂಡಿದವು. ಹುಡುಗಿ ತಡಮಾಡದೆ ಒಂದನ್ನು ಆರಿಸಿದಳು: "ಖಂಡಿತ ಬರ್ತೀವಿ ಅಮ್ಮಾ." ಹಸಿರು ದೀಪ ಬೆಳಗಿತು.

"ಆ ಉತ್ತರಕ್ಕೆ ಪೂರ್ತಿ ಮಾರ್ಕ್ಸು. ನಮ್ಮ ಹುಡುಗಿಯರು ಒಬ್ಬರೂ ತಪ್ಪು ಮಾಡಲ್ಲ" ಎಂದು ವಿನುತಾ ಮೇಡಂ ಸಂತೋಷದಿಂದ ಹೇಳಿದರು.

ವಿಶಾಲಾಕ್ಷಮ್ಮ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಆ ಮಾತೊಂದು ತೆಗೆಸ್ಬುಡಿ ಮೇಡಂ."

"ಯಾಕಮ್ಮ? ಚೆನ್ನಾಗಿದೆಯಲ್ಲ?"

"ಟಿವಿ ಒಳ್ಗಿರೋಳು ಕಾದ್ಕಂಡು ಕೂತಿರ್ತಾಳೆ."

ಮೇಡಂ ಹೋಗಿ ಹುಡುಗಿಯ ಭುಜ ತಟ್ಟಿದರು.

ಹುಡುಗಿ ಹೆಡ್‌ಸೆಟ್ ತೆಗೆದಳು. ಎದುರಿಗಿದ್ದವರನ್ನು ಕಂಡು ಬಾಯಿ ಬಿಟ್ಟು ನಿಂತಳು. ಅವಳಿಗೆ ಈ ಅಮ್ಮನ ಅಡುಗೆಮನೆ ಗೊತ್ತು, ಮಾತ್ರೆ ಡಬ್ಬಿ ಗೊತ್ತು, ಕಾಲಿನ ಯಾವ ಬೆರಳ ಸಂದಿಯಲ್ಲಿ ಗಾಯ ಎಂದು ಗೊತ್ತು. ಅಮ್ಮನಿಗೆ ಅವಳ ಮುಖವೇ ಹೊಸದು.

"ನಿನ್ ಹೆಸರೇನವ್ವ?"

"ತುಳಸಿ, ಅಮ್ಮಾ. ಊರು ಕರಿಕೆ." ಹುಡುಗಿ ಅವರ ಕಾಲು ನೋಡಿದಳು. "ಗಾಯ ವಾಸಿಯಾಗಿದೆ!"

"ಆಗದೆ ಏನು, ಎಷ್ಟ್ ಮಕ್ಳು ತೊಳ್ದಿದ್ದಾರೆ" ಎಂದ ವಿಶಾಲಾಕ್ಷಮ್ಮ, ಅಪ್ಪ ಏನು ಮಾಡುತ್ತಾರೆ, ಊರಿಗೆ ಹೋಗಿ ಎಷ್ಟು ದಿನವಾಯಿತು, ಬೆಳಿಗ್ಗೆ ಏನು ತಿಂದೆ ಎಂದು ಒಂದೇ ಉಸಿರಿಗೆ ಕೇಳಿದರು. ಕೇಳಿ ಕೇಳಿ ಅವರ ಕಣ್ಣು ತುಂಬಿತು. ತುಳಸಿಗೆ ಅದು ಕಂಡಿತು.

"ಗುರುವಾರ ನಾನು ಬರ್ತೀನಿ ಅಮ್ಮಾ" ಎಂದಳು.

ವಿಶಾಲಾಕ್ಷಮ್ಮ ಅವಳ ಕೆನ್ನೆ ಸವರಿದರು. "ಬತ್ತೀನಿ ಅನ್‌ಬ್ಯಾಡ ಕಣವ್ವ. ಬರಾದಾದ್ರೆ ಸುಮ್ನೆ ಬಂದ್ಬುಡು."

ತುಳಸಿ ತಲೆ ತಗ್ಗಿಸಿ ಹೆಡ್‌ಸೆಟ್ಟನ್ನು ಮುಂದಿನವಳ ಕೈಗೆ ಕೊಟ್ಟಳು. ಟಿವಿಯಲ್ಲಿ ವಿಶಾಲಾಕ್ಷಮ್ಮ ಮತ್ತೆ ನಗುತ್ತ ಬಂದು, "ಬನ್ರವ್ವ, ಬನ್ರಿ" ಎಂದರು. ಹೊರಗೆ ಆಟೋ ಹಾರ್ನ್ ಮಾಡುವವರೆಗೂ ನಮ್ಮ ವಿಶಾಲಾಕ್ಷಮ್ಮ ಆ ಟಿವಿಯವಳನ್ನೇ ನೋಡುತ್ತ ನಿಂತಿದ್ದರು.