ತಲೆ ಹರಿದ ‘ಕಿಸಕ್’

ಬೆಳಗಿನ ಐದೂವರೆ. ಇಳಕಲ್ಲಿನ ಬಸ್ ನಿಲ್ದಾಣದಲ್ಲಿ ಬಾಗಲಕೋಟೆ ಬಸ್ಸಿನ ಮೇಲಿಂದ ಪತ್ರಿಕೆಯ ಕಟ್ಟುಗಳು ಬೀಳುತ್ತವೆ. ಐವತ್ತೆಂಟರ ಅಲ್ಲಾಸಾಬ ಹಗ್ಗ ಕತ್ತರಿಸಿ, ಪುರವಣಿ ಸೇರಿಸಲು ಕುಕ್ಕರಗಾಲಿನಲ್ಲಿ ಕೂರುತ್ತಾರೆ.

“ಸಾಹೇಬ್ರ, ನಗೂವಂಥದ್ದು ಏನರ ಐತೇನ್ರಿ ಇವತ್ತ?” ಕಂಡಕ್ಟರ್ ಕೆಣಕುತ್ತಾನೆ.

“ನಗೂದು ಬಂದ್ ಆಗಿ ಮೂರು ವರ್ಷಾತು. ವಿಧಾನಸೌಧದ ಸುದ್ದಿ ಐತಿ, ಅದಕ್ಕ ನಗ್ರಿ.”

ಬಂದ್ ಆದದ್ದು ‘ಕಿಸಕ್’, ಮಕ್ಕಳ ನಗೆ ಮಾಸಿಕ. 2003ರಲ್ಲಿ ನಿಂತಿತು. ಟೀವಿ ಬಂದು ಮಕ್ಕಳು ಓದು ಬಿಟ್ಟರು ಎನ್ನುತ್ತಾರೆ ಊರವರು. ಅಲ್ಲಾಸಾಬರು ಒಪ್ಪುವುದಿಲ್ಲ. “ಟೀವಿ ಅಲ್ರಿ. ಇಲ್ಲಿ ಅದನ್ನ ಕೊಂದಾವ ನಾನ.”

ಇಪ್ಪತ್ತೆಂಟು ವರ್ಷದಿಂದ ಪತ್ರಿಕೆ ಹಂಚುತ್ತಿದ್ದಾರೆ. ದಿನಕ್ಕೆ ಇನ್ನೂರ ಹತ್ತು ಮನೆ, ಹದಿನಾಲ್ಕು ಕಿಲೋಮೀಟರ್ ಸೈಕಲ್. ಮೊಣಕಾಲು ಸವೆದಿದೆ. ರಜೆ ವರ್ಷಕ್ಕೆ ನಾಲ್ಕು ದಿನ, ಅದೂ ಮುದ್ರಣಾಲಯಕ್ಕೆ ರಜೆ ಇದ್ದರೆ.

ಮಾರಾಟವಾಗದ ಮಾಸಿಕವನ್ನು ಇಡಿಯಾಗಿ ವಾಪಸು ಕಳಿಸುವುದಿಲ್ಲ. ಮುಖಪುಟದಲ್ಲಿ ಹೆಸರಿರುವ ಪಟ್ಟಿಯನ್ನಷ್ಟೇ ಹರಿದು ಕಳಿಸಿದರೆ ಸಾಕು, ಆ ಪ್ರತಿಗೆ ಏಜೆಂಟ ಹಣ ಕಟ್ಟಬೇಕಿಲ್ಲ; ಉಳಿದದ್ದು ರದ್ದಿಗೆ. ಅಲ್ಲಾಸಾಬರಿಗೆ ರದ್ದಿಗೆ ಹಾಕಲು ಮನಸ್ಸಾಗಲಿಲ್ಲ. 1997ರಲ್ಲಿ ಒಮ್ಮೆ, ಹೆಸರು ಹರಿದ ಪ್ರತಿಗಳನ್ನು ನೇಕಾರರ ಓಣಿಯ ಮಕ್ಕಳಿಗೆ ಪುಕ್ಕಟೆ ಹಂಚಿದರು. ಮಗ್ಗದ ಪಕ್ಕ ನೂಲು ಸುತ್ತುತ್ತ ಕೂತಿದ್ದ ಮಕ್ಕಳು ಜೋರಾಗಿ ಓದಿ ನಕ್ಕವು. ಮುಂದಿನ ತಿಂಗಳೂ ಕೊಟ್ಟರು. ಆಮೇಲೆ ಕೊಳ್ಳುತ್ತಿದ್ದವರೂ ಪುಕ್ಕಟೆ ಪ್ರತಿಗೆ ಕಾಯುವುದನ್ನು ಕಲಿತರು.

ನಲವತ್ತು ಪ್ರತಿ ಬಂದರೆ ಮೂವತ್ತಾರು ಪಟ್ಟಿ ವಾಪಸು ಹೋಗುತ್ತಿದ್ದವು. ಓದದೆ ಉಳಿದ ಪ್ರತಿ ಒಂದೂ ಇರಲಿಲ್ಲ. ಆದರೆ ಬೆಂಗಳೂರಿನ ಮಾಸಿಕದ ಕಚೇರಿಗೆ ಕಾಣುತ್ತಿದ್ದದ್ದು ಪಟ್ಟಿಗಳು ಮಾತ್ರ. ನಲವತ್ತು ಇಪ್ಪತ್ತಾಯಿತು, ಹತ್ತಾಯಿತು. ಕೊನೆಗೊಂದು ಕಾಗದ ಬಂತು: ನಿಮ್ಮ ಊರಿನಲ್ಲಿ ಓದುಗರಿಲ್ಲ, ಇನ್ನು ಕಳಿಸುವುದಿಲ್ಲ. ಆರು ತಿಂಗಳಲ್ಲಿ ಮಾಸಿಕವೇ ನಿಂತಿತು.

ಒಂದೂರಿನ ಏಜೆಂಟನಿಂದ ಪತ್ರಿಕೆ ಸಾಯುವುದಿಲ್ಲ ಎಂದರೆ ತಲೆ ಅಲ್ಲಾಡಿಸುತ್ತಾರೆ. “ಊರೂರಿಗೆ ಒಬ್ಬ ಅಲ್ಲಾಸಾಬ ಇದ್ದಿರಬೇಕಲ್ರಿ.”

ಎಂಟು ಗಂಟೆಗೆ ಸೈಕಲ್ ನೇಕಾರರ ಓಣಿಗೆ ಬರುತ್ತದೆ. ಕುಣಿಮಗ್ಗದಲ್ಲಿ ಕಾಲಿಳಿಸಿ ಕೂತ ಇಪ್ಪತ್ತೆರಡರ ಮಹಾನಂದಾ ಅಂದಿನ ಓದುಗರಲ್ಲೊಬ್ಬಳು. “ನಾಕನೇತ್ತಕ್ಕ ಸಾಲಿ ಬಿಟ್ಟೆ. ಓದೂದು ಮರೀದಂಗ ಇಟ್ಟಿದ್ದು ಕಾಕಾನ ಪುಸ್ತಕ” ಎನ್ನುತ್ತಾಳೆ. ಅದರ ಹೆಸರು ಅವಳಿಗೆ ಗೊತ್ತಿರಲಿಲ್ಲ. ಓಣಿಯ ಮಕ್ಕಳು ಅದನ್ನು ‘ತಲಿ ಇಲ್ಲದ ಪುಸ್ತಕ’ ಎನ್ನುತ್ತಿದ್ದರು.

“ಅದು ಯಾಕ ನಿಂತಿತು ಕಾಕಾ?”

ಅಲ್ಲಾಸಾಬರು ಈವರೆಗೆ ಅವಳಿಗೆ ಹೇಳಿರಲಿಲ್ಲ. ಇಂದು ಹೇಳುತ್ತಾರೆ, ಪಟ್ಟಿಯ ವಿಷಯ, ಕಾಗದದ ವಿಷಯ, ಎಲ್ಲ. ಮಗ್ಗ ನಿಲ್ಲುತ್ತದೆ.

“ಐದು ರೂಪಾಯಿ ಪುಸ್ತಕ. ಕೇಳಿದ್ದರ ಓಣಿಯವರೆಲ್ಲಾ ಕೂಡಿ ಕೊಡ್ತಿದ್ವಿ. ನಾವೇನ್ ಪುಕ್ಕಟೆ ಬೇಡಿದ್ವೇನ ಕಾಕಾ?”

ಅಲ್ಲಾಸಾಬರು ಸೈಕಲ್ಲಿನ ಹಿಡಿಕೆ ಬಿಡದೆ ನಿಂತಿದ್ದಾರೆ.

“ಇಲ್ಲ ತಂಗಿ. ನೀವು ಕೊಡೂವಂಥವರು ಅಂತ ನನಗ ಒಂದ್ಸಲನೂ ಅನಸಲಿಲ್ಲ.”