ಎದುರುಮನೆ ಅತ್ತೆಯ ಬಾಚಣಿಗೆ

ಎದುರುಮನೆ ಅತ್ತೆಯ ಬಲ ಅಂಗೈ ಯಾವಾಗಲೂ ಎಣ್ಣೆ ಎಣ್ಣೆ. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಅವರು ಕಂಬಿ ಹಿಡಿದರೆ ಪಕ್ಕದವರು ಸೆರಗು ಎಳೆದುಕೊಳ್ಳುತ್ತಿದ್ದರು. ಅತ್ತೆ ಕ್ಯಾರೇ ಅನ್ನುತ್ತಿರಲಿಲ್ಲ. ಪ್ರತಿ ಗುರುವಾರ ದೊಡ್ಡಾಸ್ಪತ್ರೆಗೆ ಹೋಗಿ, ಕೈ ಎತ್ತಲಾಗದ ಹೆಂಗಸರಿಗೆ ಎಣ್ಣೆ ಹಚ್ಚಿ ತಲೆ ಬಾಚಿ ಜಡೆ ಹಾಕಿ ಬರುವುದು ಅವರು ತಾವೇ ಹಚ್ಚಿಕೊಂಡ ಸೇವೆ. ಯಾರೂ ಹೇಳಿದ್ದಲ್ಲ.

ನನಗಾಗ ಹದಿನಾರು. ಪಿಯುಸಿ ಸೇರಿದ ವರ್ಷ. ಕಾಲೇಜಿನಿಂದ ಬಂದು ಕೋಣೆ ಸೇರಿದರೆ ಮುಗಿಯಿತು. ಊಟ ಬೇಡ, ಮಾತು ಬೇಡ. ಇದ್ದು ಏನು ಮಾಡಬೇಕು ಅನ್ನಿಸುತ್ತಿತ್ತು. ತಲೆ ಬಾಚುವುದನ್ನೂ ಬಿಟ್ಟಿದ್ದೆ. ಮೇಲೊಂದು ಕ್ಲಿಪ್ ಹಾಕಿದರೆ ಒಳಗೆ ಗಂಟುಗಟ್ಟಿದ್ದು ಯಾರಿಗೂ ಕಾಣುತ್ತಿರಲಿಲ್ಲ. ಅಮ್ಮ ಬಂದವರಿಗೆಲ್ಲ, "ನಮ್ ಹುಡ್ಗಿ ಬೋ ಸೈಲೆಂಟು, ಯಾರ ತಂಟೆಗೂ ಓಗಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ನಮ್ಮ ಕಡೆ ಸುಮ್ಮನಿರುವ ಹೆಣ್ಣುಮಗು ಎಂದರೆ ಒಳ್ಳೆಯ ಹೆಣ್ಣುಮಗು.

ಆ ಮಾತು ಕೇಳಿದ ದಿನವೇ ಅತ್ತೆ ನನ್ನ ಕೋಣೆಗೆ ನುಗ್ಗಿದರು. ಏನಾಯ್ತು ಎಂದು ಕೇಳಲಿಲ್ಲ. ಹಿಂದೆ ಕೂತು ಕ್ಲಿಪ್ ತೆಗೆದು ಗಂಟು ಬಿಡಿಸತೊಡಗಿದರು. ತುದಿಯಿಂದ ಶುರು, ಬುಡಕ್ಕೆ ಬರುವುದು ಕೊನೆಗೆ. ಮಧ್ಯಾಹ್ನವೆಲ್ಲ ಹಿಡಿಯಿತು. ನನಗೆ ಅಳು ಬಂತು.

"ಅಳು ಮಗ. ಗುರುವಾರ ನಂಜೊತೆ ಬಾ. ಭುಜ ನೋಯ್ತದೆ, ನಂಗೊಂದು ಕೈ ಬೇಕು," ಎಂದರು. "ಆಸ್ಪತ್ರೆಗಾ?" ಎಂದು ಅಮ್ಮ ಗಾಬರಿಯಾದಳು.

"ಊಂ ಕಣವ್ವ. ಅಲ್ಲಿ ಮನಸಿನ ಡಾಕ್ಟ್ರೂ ಅವ್ರೆ. ತೋರ್ಸ್ಕೊಂಡೇ ಬತ್ತೀವಿ."

ಮಾತ್ರೆ ಶುರುವಾಯಿತು, ಬಾಚುವುದೂ ಶುರುವಾಯಿತು. ಸೇವೆ ಮಾಡಿದರೆ ಮನಸ್ಸು ಹಗುರಾಗುತ್ತದೆ ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಎಷ್ಟೋ ಗುರುವಾರ ಏನೂ ಹಗುರಾಗಲಿಲ್ಲ. ಸೊಂಟ ಮುರಿದುಕೊಂಡ ಮುದುಕಿಯ ಜಡೆ ಹೆಣೆಯುತ್ತಾ ನನ್ನ ಸಾವಿನ ಬಗ್ಗೆಯೇ ಯೋಚಿಸುತ್ತಿದ್ದೆ. ಆದರೆ ಆ ಜಡೆಯನ್ನು ಅರ್ಧಕ್ಕೆ ಬಿಟ್ಟು ಏಳಲಾಗುತ್ತಿರಲಿಲ್ಲ, ಅಷ್ಟೇ.

ಒಮ್ಮೆ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತಾ ಅತ್ತೆ ತಾವಾಗಿಯೇ ಹೇಳಿದರು.

"ನಂಗೂ ಒಬ್ಳು ಮಗ್ಳಿದ್ಲು ಕಣೆ, ಹೊಳೆನರಸೀಪುರದಲ್ಲಿದ್ದಾಗ. ನಿನ್ನಂಗೇ ಮಾತೇ ಆಡ್ತಿರ್ಲಿಲ್ಲ. ಎಷ್ಟ್ ಒಳ್ಳೇವ್ಳು ಅಂತ ಬೀದಿಗೆಲ್ಲ ಹೇಳ್ಕೊಂಡು ತಿರುಗ್ದೆ. ಒಂದಿನಾನೂ ಅವ್ಳ ತಲೆ ಮುಟ್ಟಿ ನೋಡ್ಲಿಲ್ಲ. ನಾನ್ ಬಾಚಿದ್ದು ಮಣ್ಣಿಗೆ ಕಳ್ಸುವಾಗ."

ಆಮೇಲೆ ಬಸ್ಸು ಬಂತು, ಹತ್ತಿದೆವು.

ಹೋದ ವರ್ಷ ಅತ್ತೆ ಹೋಗಿಬಿಟ್ಟರು. ಸ್ಟ್ರೋಕ್ ಆಗಿ ಅದೇ ವಾರ್ಡಿನಲ್ಲಿ ಮಲಗಿದ್ದರು. ಮಾತು ನಿಂತುಹೋಗಿತ್ತು. ಅವರ ತಲೆ ಬಾಚುವಾಗ, ದುಃಖದಲ್ಲಿ ಬುಡದಿಂದಲೇ ಎಳೆದುಬಿಟ್ಟೆ. ಅತ್ತೆ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಕೂದಲ ತುದಿಗೆ ತಂದಿಟ್ಟರು. ಮಾರನೆಯ ದಿನ ಅವರು ಇರಲಿಲ್ಲ.

ನನಗೆ ಮಾತ್ರೆ ಇನ್ನೂ ನಡೆಯುತ್ತಿದೆ. ಕೆಲವು ದಿನ ಬೆಳಗ್ಗೆ ಹಾಸಿಗೆ ಬಿಟ್ಟು ಏಳುವುದೇ ಸಾಕುಸಾಕಾಗುತ್ತದೆ. ಮೊನ್ನೆ ಹಾಲಿನ ಡೈರಿ ಮುಂದೆ ನಮ್ಮ ಬೀದಿಯ ಒಬ್ಬಾಕೆ, "ನಮ್ ಹುಡ್ಗಿದು ರಗಳೆನೇ ಇಲ್ಲಕ್ಕಾ, ರೂಮ್ ಬಿಟ್ಟು ಆಚೆಗೇ ಬರಲ್ಲ," ಎಂದು ಹೊಗಳಿಕೊಂಡಳು. ಹಾಲನ್ನು ಮನೆಯಲ್ಲಿಟ್ಟು, ಅತ್ತೆಯ ಬಾಚಣಿಗೆ, ಎಣ್ಣೆ ಬಾಟಲಿ ಹಿಡಿದು ಹೋಗಿ ಅವಳ ಮನೆ ಬಾಗಿಲು ತಟ್ಟಿದೆ.