ಟ್ಯಾಕ್ಸಿ ಸಾಕು ಎಂದವರು

ಮಸ್ಕತ್ತಿನ ನಮ್ಮ ಕನ್ನಡಿಗರಿಗೆ ಒಂದು ವೆಬ್‌ಸೈಟ್ ಇದೆ. ಹಲ್ಲಿನ ಡಾಕ್ಟರು ಯಾರು ಒಳ್ಳೆಯವರು, ಯಾವ ಬಿಲ್ಡಿಂಗಿನಲ್ಲಿ ಬೇಸಿಗೆ ಬಂದರೆ ಏಸಿ ಕೈಕೊಡುತ್ತದೆ, ಯಾರ ಮನೆಯ ಊಟದ ಡಬ್ಬಿ ರುಚಿ ಎಂದೆಲ್ಲ ಜನ ಅದರಲ್ಲಿ ಬರೆಯುತ್ತಾರೆ. ತೊಂದರೆ ಏನೆಂದರೆ, ಇಲ್ಲಿ ಯಾರೂ ಶಾಶ್ವತವಲ್ಲ. ಕೆಲಸ ಮುಗಿದರೆ ವೀಸಾ ರದ್ದು ಮಾಡಿಸಿ ಹೊರಟರು. ಅದನ್ನು ನಾವು ಎಕ್ಸಿಟ್ ಅನ್ನುತ್ತೇವೆ. ಮನುಷ್ಯ ಊರು ಸೇರಿ ಮಕ್ಕಳ ಮದುವೆಯನ್ನೂ ಮಾಡಿ ಮುಗಿಸಿರುತ್ತಾನೆ. ಅವನ ಅಭಿಪ್ರಾಯ ಮಾತ್ರ ಇಲ್ಲೇ ಕೂತು, ಎಂದೋ ಬಾಗಿಲು ಮುಚ್ಚಿದ ಕ್ಲಿನಿಕ್ಕಿಗೆ ಜನರನ್ನು ಕಳಿಸುತ್ತಿರುತ್ತದೆ.

ಇದಕ್ಕೆ ಮದ್ದು ಕಂಡುಹಿಡಿದವರು ಸೈಟ್ ನೋಡಿಕೊಳ್ಳುತ್ತಿದ್ದ ಅಕ್ಕ. ಉಡುಪಿ ಕಡೆಯವರು. ಹೊಟ್ಟೆಪಾಡಿಗೆ ಆಫೀಸೊಂದರಲ್ಲಿ ಅಕೌಂಟ್ಸ್, ಸೈಟಿನದು ಬಿಟ್ಟಿ ಚಾಕರಿ. ಯಾರಾದರೂ ಎಕ್ಸಿಟ್ ಹೊರಟರೆ ಲ್ಯಾಪ್‌ಟಾಪ್ ಹಿಡಿದು ಅವರ ಮನೆಗೆ ಹೋಗುತ್ತಿದ್ದರು. ಕರೆಂಟು, ನೀರಿನ ಬಿಲ್ಲುಗಳ ಹಾಗೆ ಅಭಿಪ್ರಾಯಗಳದ್ದೂ ಒಂದು ಕ್ಲಿಯರೆನ್ಸ್. ಅವರು ಬರೆದದ್ದನ್ನೆಲ್ಲ ಓದಿ ಹೇಳಿ, "ಇದು ಈಗಲೂ ಹೌದಾ?" ಎಂದು ಕೇಳುವುದು. ಅಲ್ಲ ಎಂದರೆ ಹಳೆಯದನ್ನು ಅಳಿಸುತ್ತಿರಲಿಲ್ಲ; ಅದರ ಮೇಲೆ ಹೊಸ ಸಾಲು ಬರೆಸಿ ತಾರೀಖು ಹಾಕುತ್ತಿದ್ದರು. ಇಲ್ಲೇ ಇರುವವರಿಗೂ ಬಿಡುಗಡೆಯಿಲ್ಲ, ವರ್ಷಕ್ಕೊಮ್ಮೆ ಫೋನ್ ಬರುತ್ತಿತ್ತು. ಸೂಟ್‌ಕೇಸಿನ ತೂಕ ನೋಡುವ ಗಡಿಬಿಡಿಯಲ್ಲಿ ಹಳೆಯ ಮೀನಿನಂಗಡಿಯ ಬಗ್ಗೆ ಯೋಚಿಸು ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಗೊಣಗಿಕೊಂಡೇ ಎಲ್ಲರೂ ಹೇಳುತ್ತಿದ್ದರು. ನನಗೂ ಮೊದಲು ಇದು ಅತಿಯೆನಿಸಿತ್ತು.

ಆಗಷ್ಟೇ ನನಗೆ ಇಲ್ಲೇ ಬೌಷರ್ ಬಡಾವಣೆಯ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಮೊದಲ ಕೆಲಸ. ಗಿರಾಕಿಗಳ ಹತ್ತಿರ ಓಡಾಡಬೇಕಾದ್ದರಿಂದ ಪ್ರೊಬೇಷನ್ ಮುಗಿಯುವುದರೊಳಗೆ ಡ್ರೈವಿಂಗ್ ಲೈಸೆನ್ಸ್ ತರಲೇಬೇಕು, ಇಲ್ಲದಿದ್ದರೆ ಮನೆಗೆ. ಗಂಡ ಇರುವುದು ದೂರದ ಇಬ್ರಿ ಊರಿನಲ್ಲಿ, ಬರುವುದು ವಾರಾಂತ್ಯಕ್ಕೆ. ಮೈಸೂರಿನಲ್ಲಿ ಸ್ಕೂಟರ್ ಓಡಿಸಿದ ಧೈರ್ಯದಲ್ಲಿ ಹೋದವಳು ಡ್ರಮ್ ಟೆಸ್ಟಿನಲ್ಲಿ ಎರಡು ಸಲ ಫೇಲಾದೆ. ಸಾಲಾಗಿಟ್ಟ ಡ್ರಮ್ಮುಗಳ ನಡುವೆ ಕಾರನ್ನು ರಿವರ್ಸಿನಲ್ಲಿ ತಂದು ನಿಲ್ಲಿಸಬೇಕು. ನಾನು ಡ್ರಮ್ಮಿಗೇ ಗುದ್ದುತ್ತಿದ್ದೆ. ಕಲಿಸುತ್ತಿದ್ದ ಟೀಚರ್ ನನ್ನ ಫೋನ್ ಎತ್ತುವುದನ್ನೇ ಬಿಟ್ಟರು.

ಸೈಟ್ ತೆರೆದೆ. ಡ್ರೈವಿಂಗ್ ಪುಟದಲ್ಲಿ ಮೊದಲಿಗೇ ಹೆಸರಿಲ್ಲದ ಒಂದು ಹಳೆಯ ಸಾಲು: "ಹೆಂಗಸರಿಗೆ ಇಲ್ಲಿ ಡ್ರೈವಿಂಗ್ ಬೇಡ, ಟ್ಯಾಕ್ಸಿ ಸಾಕು." ಅದರ ಕೆಳಗೆ ಒಬ್ಬ ಒಮಾನಿ ಟೀಚರ್ ಬಗ್ಗೆ: "ಕಿರುಚುತ್ತಾರೆ. ಅತ್ತುಬಿಟ್ಟೆ. ಹೋಗಬೇಡಿ." ನನಗೆ ಮೈಯೆಲ್ಲ ಉರಿಯಿತು. ಅಕ್ಕನಿಗೆ ಫೋನ್ ಮಾಡಿದೆ.

"ಟ್ಯಾಕ್ಸಿ ಸಾಕು ಅಂದಿರೋ ಈ ಮಹಾತಾಯಿ ಯಾರು ಅಕ್ಕಾ? ಅವರನ್ನ ಕೇಳಲ್ವಾ ನೀವು?"

"ವರ್ಷ ವರ್ಷ ಕೇಳ್ತೇನೆ ಮಾರಾಯ್ತಿ. ಹಾಗೇ ಇರ್ಲಿ ಅಂತಾರೆ," ಎಂದರು. "ಅದು ಬಿಡು. ಆ ಕಿರುಚುವ ಟೀಚರದ್ದು ನೋಡುವ. ಬರೆದವಳು ಈಗ ಪುತ್ತೂರಲ್ಲಿ ಇದ್ದಾಳೆ. ಅವಳು ಹೋಗುವಾಗ ನಾನು ಊರಿಗೆ ಹೋಗಿದ್ದೆ, ಕೇಳ್ಲಿಕ್ಕೆ ಆಗ್ಲಿಲ್ಲ."

ಮರುದಿನ ನನ್ನನ್ನೂ ಲೈನಿಗೆ ಸೇರಿಸಿಕೊಂಡು ಪುತ್ತೂರಿಗೆ ಫೋನ್ ಹಚ್ಚಿದರು. ಆಕೆ ಜೋರಾಗಿ ನಕ್ಕರು. "ಅಯ್ಯೋ ದೇವರೇ, ಅದಿನ್ನೂ ಉಂಟಾ? ಅತ್ತ ದಿನ ಬರೆದದ್ದು ಅಕ್ಕಾ. ಆಮೇಲೆ ಅವರ ಹತ್ರವೇ ಕಲಿತು ಪಾಸಾದೆ. ಪಾಸಾದ ಖುಷಿಯಲ್ಲಿ ಬರೀಲಿಕ್ಕೆ ಯಾರಿಗೆ ನೆನಪಾಗ್ತದೆ?"

ಅಕ್ಕನ ಹಟ ನನಗೆ ಅರ್ಥವಾದದ್ದು ಆಗ. ನೊಂದ ದಿನ ಎಲ್ಲರೂ ಬರೆಯುತ್ತೇವೆ, ನೋವು ಮರೆತ ಮೇಲೆ ಯಾರೂ ಬರೆಯುವುದಿಲ್ಲ. ಯಾರಾದರೂ ತಿರುಗಿ ಕೇಳಬೇಕು. ಬೈಸಿಕೊಂಡೂ ಮತ್ತೆ ಮತ್ತೆ ಕೇಳುವ ತಾಳ್ಮೆ ಎಲ್ಲಿಂದ ತಂದರೋ, ನನ್ನ ಕೈಲಂತೂ ಆಗುವ ಮಾತಲ್ಲ.

ಆ ಒಮಾನಿ ಟೀಚರ್ ಹತ್ತಿರವೇ ಸೇರಿಕೊಂಡೆ. ಅವರು ಕಿರುಚಿದ್ದು ನಿಜ. "ಯಲ್ಲಾ, ಮಿರರ್ ದೇಖೋ, ಮಿರರ್!" ಎಂದು ಕಿವಿ ತೂತಾಗುವಂತೆ. ಆದರೆ ಕಾರು ಮೊದಲ ಸಲ ಡ್ರಮ್ಮುಗಳ ನಡುವೆ ನೆಟ್ಟಗೆ ನಿಂತ ದಿನ ಥರ್ಮಾಸಿನಿಂದ ಕಹ್ವಾ ಕಾಫಿ ಬಗ್ಗಿಸಿ ಕೊಟ್ಟು, "ಖಲಾಸ್, ಅಬ್ ಡರ್ ನಹೀ," ಇನ್ನು ಹೆದರಿಕೆಯಿಲ್ಲ, ಎಂದರು. ಲೈಸೆನ್ಸ್ ಬಂತು, ಕೆಲಸ ಉಳಿಯಿತು. ಹಳೆಯ ಸಾಲಿನ ಮೇಲೆ ನನ್ನದೊಂದು ಸಾಲು ಹಾಕಿದೆ: "ಕಿರುಚುತ್ತಾರೆ. ಹೋಗಿ."

ಮೊನ್ನೆ ಅಕ್ಕನದೇ ಎಕ್ಸಿಟ್ ಆಯಿತು. ಸೈಟಿನ ಕೆಲಸ ನನ್ನ ತಲೆಗೆ ಬಂದಿತ್ತು, ಹಾಗಾಗಿ ಅವರ ಕ್ಲಿಯರೆನ್ಸ್ ಮಾಡಿಸಿದವಳೂ ನಾನೇ. ಎಲ್ಲ ಮುಗಿಯಿತು ಅಂದುಕೊಂಡು ವಿಮಾನ ನಿಲ್ದಾಣಕ್ಕೆ ಹೊರಟೆವು. ಕಾರು ನನ್ನದು, ಪಕ್ಕದ ಸೀಟಿನಲ್ಲಿ ಅಕ್ಕ. ಹೆದ್ದಾರಿಗೆ ಬಂದ ಮೇಲೆ ಮೆಲ್ಲಗೆ ಹೇಳಿದರು: "ಒಂದು ಬಾಕಿ ಉಂಟು. ಆ ಟ್ಯಾಕ್ಸಿಯದ್ದು."

ನಾನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ನಾನೂ ಡ್ರಮ್ಮಿಗೆ ಗುದ್ದಿದವಳೇ. ಒಂದೇ ಸಲ. ಮತ್ತೆ ಹೋಗ್ಲಿಲ್ಲ. ಆ ದಿನ ಬರೆದದ್ದು ಅದು."

ಊರಿನವರನ್ನೆಲ್ಲ ಕೇಳಿದ ಈ ಹೆಂಗಸು ವರ್ಷಕ್ಕೊಮ್ಮೆ ಒಬ್ಬರೇ ಕೂತು ತಮ್ಮನ್ನೂ ಕೇಳಿಕೊಂಡಿದ್ದರು, ಪ್ರತಿ ಸಲವೂ ಸುಳ್ಳಾಡದೆ ಹೌದು ಎಂದಿದ್ದರು. ಅವರ ಪ್ರಶ್ನೆಯನ್ನೇ ಅವರಿಗೆ ಕೇಳಿದೆ: "ಇದು ಈಗಲೂ ಹೌದಾ ಅಕ್ಕಾ?"

ಸ್ಟೀರಿಂಗ್ ಮೇಲಿದ್ದ ನನ್ನ ಕೈಗಳನ್ನೇ ಸ್ವಲ್ಪ ಹೊತ್ತು ನೋಡಿದರು.

"ಅಲ್ಲ. ಅಲ್ಲ ಅಂತ ಬರಿ. ತಾರೀಖು ಹಾಕು."